ಬದನೆ ಗಿಡಗಳು ಬದುಕಿವೆ, ರುಕ್ಮಣಿ ಇಲ್ಲ

ತೊಂಡಾಮುತ್ತೂರು, 1986

ಬೆಳೆಗಳ ಆರೋಗ್ಯ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನೀವು ಶಿಫಾರಸು ಮಾಡಿದ ಹುಳುವಿನ ಔಷಧಿಯಿಂದ ಬದನೆ ಗಿಡಗಳು ಬದುಕಿವೆ. ಅದನ್ನು ಕಲಸಿಕೊಟ್ಟ ನನ್ನ ಹೆಂಡತಿ ರುಕ್ಮಣಿ ಸತ್ತಿದ್ದಾಳೆ. ತಮಿಳಿನಲ್ಲಿ ಕೊಟ್ಟ ಅರ್ಜಿಗೆ ನಿಮ್ಮಿಂದ ಉತ್ತರ ಬರಲಿಲ್ಲ. ಆದ್ದರಿಂದ ಮನೆಮಾತು ಕನ್ನಡದಲ್ಲಿ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾವು ಕೂಲಿ ಮಾಡುವುದು ಕುಪ್ಪುಸಾಮಿಯವರ ತೋಟದಲ್ಲಿ. ಹೋದ ವರ್ಷ ಅಲ್ಲಿ ಬೆಳ್ಳಿಯಮ್ಮ ಎಂಬಾಕೆ ಔಷಧಿಯ, ಇಲ್ಲಿ ನಾವೆನ್ನುವ ಮರುಂದಿನ, ಘಾಟಿಗೆ ಪ್ರಜ್ಞೆ ತಪ್ಪಿ ಬಿದ್ದಳು. ಆಮೇಲೆ ಕೂಲಿಯವರೆಲ್ಲ ಕೂತು ಮಾತಾಡಿಕೊಂಡೆವು. ಗಾಳಿ ಎದ್ದಾಗ ಹೊಡೆಯಬಾರದು, ಬರಿಗೈಯಲ್ಲಿ ಕಲಸಬಾರದು, ಮೈ ತೊಳೆಯಲು ನೀರು, ಸೋಪು ಪಕ್ಕದಲ್ಲೇ ಇರಬೇಕು. ಇಷ್ಟೇ. "ಆಫೀಸರು ಒಂದು ಮಾತು ಹೇಳಲಿ, ನಂದೇನೂ ಅಡ್ಡಿಯಿಲ್ಲ" ಎಂದರು ಕುಪ್ಪುಸಾಮಿ. ಆ ಒಂದು ಮಾತಿಗಾಗಿ ನಿಮ್ಮ ಬಾಗಿಲಿಗೆ ಬಂದೆವು. ನೀವು ತಲೆಯೆತ್ತದೆ ಹೇಳಿದಿರಿ: "ಎಲ್ಲಾ ಡಬ್ಬಿ ಮೇಲೆ ಬರೆದಿದೆ, ಓದಿಕೊಳ್ಳಿ." ಡಬ್ಬಿಯ ಮೇಲಿದ್ದದ್ದು ಇಂಗ್ಲಿಷು. ಅದು ನಮಗೂ ಬಾರದು, ಹುಳುಗಳಿಗೂ ಬಾರದು. ಔಷಧಿಯೂ ನಮ್ಮಿಬ್ಬರಲ್ಲಿ ಭೇದ ಮಾಡಲಿಲ್ಲ.

ಈ ಆಡಿ ತಿಂಗಳಲ್ಲಿ, ಆಷಾಢದ ಗಾಳಿ ಜೋರಾಗಿದ್ದ ದಿನವೇ ಕುಪ್ಪುಸಾಮಿ ಔಷಧಿ ಹೊಡೆಸಿದರು. ಬೇಡವೆಂದೆವು. "ಆಫೀಸರೇ ಸುಮ್ಮನಿದಾರೆ, ನಿಮಗೇನು ಭಯ?" ಎಂದರು. ಕರೆಂಟಿಲ್ಲದೆ ಪಂಪು ನಿಂತಿತ್ತು, ತೊಳೆಯಲು ನೀರಿರಲಿಲ್ಲ. ಕಲಸುತ್ತಿದ್ದ ರುಕ್ಮಣಿಯ ಸೀರೆಯೆಲ್ಲ ತೊಯ್ದಿತ್ತು. ಮಧ್ಯಾಹ್ನ ಬದುವಿನ ಮೇಲೆ ಕುಸಿದು ಕೂತು ನನ್ನನ್ನು ಕರೆದಳು.

"ಏನುಂಗ, ಕಣ್ಣು ಮಂಜಾಗ್ತದೆ. ಎದೆ ಮೇಲೆ ಯಾರೋ ಕೂತಂಗದೆ."

ಗಾಡಿಯಲ್ಲಿ ಮಲಗಿಸುವಾಗ ನಮ್ಮ ಮಗಳು ವಿಜಯಕುಮಾರಿ ಓಡಿಬಂದು ಅಮ್ಮನನ್ನು ತಬ್ಬಲು ಹೋದಳು. ರುಕ್ಮಣಿ ಇದ್ದ ಬಲವನ್ನೆಲ್ಲ ಕೂಡಿಸಿ ಅವಳನ್ನು ದೂಡಿದಳು. "ಹಿಡ್ಕೊಳ್ಳಿ ಅವಳ್ನ. ಸೀರೆಯೆಲ್ಲಾ ಮರುಂದು" ಎಂದಳು. ಅದೇ ಅವಳ ಕೊನೆಯ ಮಾತು. ಆಸ್ಪತ್ರೆ ಸೇರುವ ಮುಂಚೆಯೇ ಉಸಿರು ನಿಂತಿತು.

ಮಗಳು ಈಗಲೂ ಕೇಳುತ್ತಾಳೆ: "ಅಪ್ಪಾ, ಅಮ್ಮಂಗೆ ನನ್ ಮೇಲೆ ಕೋಪ್ವಾ?" ನಾನು ಏನೇನೋ ಹೇಳುತ್ತೇನೆ, ಅವಳು ನಂಬುವುದಿಲ್ಲ. ಇದಕ್ಕೆ ನಿಮ್ಮ ಬಳಿ ಯಾವುದಾದರೂ ಶಿಫಾರಸು ಇದೆಯೇ?

ಮಣ್ಣು ಮಾಡಿ ಬಂದ ಮೇಲೆ ನಾವು ಯಾರೂ ಔಷಧಿ ಮುಟ್ಟಲಿಲ್ಲ. ಕೊನೆಗೆ ಕುಪ್ಪುಸಾಮಿ ನಮ್ಮ ಕಟ್ಟಳೆಗಳಿಗೆ ಒಪ್ಪಿದರು. ಅದು ಅವರ ತೋಟವೊಂದರಲ್ಲಿ ಮಾತ್ರ. ಪಕ್ಕದ ತೋಟಗಳಲ್ಲಿ ಹೆಂಗಸರು ಇವತ್ತೂ ಬರಿಗೈಯಲ್ಲಿ ಕಲಸುತ್ತಿದ್ದಾರೆ.

ನನಗೆ ಪರಿಹಾರ ಬೇಡ. ಪ್ರತಿ ತೋಟದಲ್ಲೂ ಕೂಲಿಯವರು, ಮುಖ್ಯವಾಗಿ ಹೆಂಗಸರು, ಕೂತು ಮಾತಾಡಲಿ. ಅವರು ಬೇಡವೆಂದ ದಿನ ಔಷಧಿ ಹೊಡೆಯಕೂಡದೆಂದು ಆಜ್ಞೆ ಮಾಡಿ. ಅದನ್ನು ಬರೆಯುವ ಮುಂಚೆ ಒಮ್ಮೆ ಬದುವಿಗೆ ಬಂದು ನಮ್ಮ ಜೊತೆ ಕೂತುಕೊಳ್ಳಿ.

ಇಂತಿ,
ಈಗ ಒಬ್ಬನೇ ಕೂಲಿಗೆ ಹೋಗುವ
ನಂಜಪ್ಪನ್