ಜನ್ನತಬಿಯ ಕೋಣೆಗೊಂದು ಫ್ಯಾನು

ಬೆಟಗೇರಿ, 1983

ಅಕ್ಟೋಬರ್ 12

ಬೆಳಿಗ್ಗೆ ಆರಕ್ಕೆ ಮಷೀನು ಶುರು. ಚಳಿ ಇನ್ನೂ ಬಿದ್ದಿಲ್ಲ, ಆಗಲೇ ಹತ್ತಿ ಹಿಂಜಿಸಲು ಜನ. ಎರಡು ಮದುವೆ ಗಾದಿ, ತಲೆದಿಂಬು ಲೆಕ್ಕವಿಲ್ಲ. ಮಾಶಾಕ ನನ್ನ ತಮ್ಮನೇ ಆದರೂ ಕೈ ನಿಧಾನ. ಬೈದೆ. ಸಂಜೆ ಹೊತ್ತಿಗೆ ಇಬ್ಬರ ಹುಬ್ಬೂ ಬೆಳ್ಳಗೆ. ಅಪ್ಪನೂ ಹೀಗೇ ಇದ್ದ, ಮುದುಕನಾಗಿಯೇ ಸತ್ತ. ಹತ್ತಿಯ ಧೂಳು ಪಿಂಜಾರನನ್ನು ಏನೂ ಮಾಡುವುದಿಲ್ಲ.

ಹೆಂಡತಿಗೆ ಮತ್ತೆ ಕೆಮ್ಮು. ಜನ್ನತಬಿ ಹಮ್ಮಿಗಿಯ ರೈತರ ಮಗಳು. ಹೊಳೆ ದಂಡೆಯಲ್ಲಿ ಬೆಳೆದ ಮೂಗು, ನಾಜೂಕು. ಮದುವೆಯಾಗಿ ಮೂರು ವರ್ಷವಾದರೂ ಈ ಮನೆಯ ರೂಢಿ ಆಗಿಲ್ಲ.

ಅಕ್ಟೋಬರ್ 15

ಡಾಕ್ಟರ ಬಳಿ ಕರೆದೊಯ್ದೆ. ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು.

"ಮಷೀನು ಮನಿಯಿಂದ ತಗೀರಿ. ಆಗೂದಿಲ್ಲಂದ್ರ ಇವರನ್ನ ತವರಿಗೆ ಕಳಸ್ರಿ. ಮಲಗೋ ಖೋಲಿಗೆ ಚಲೋ ಗಾಳಿ ಬೇಕು."

ಮೂರು ಮಾತು. ಮಷೀನು ತೆಗೆದರೆ ರಸ್ತೆಯ ಗಿರಾಕಿ ಹೋಯಿತು. ತವರಿಗೆ ಕಳಿಸಿದರೆ, ಹೆಂಡತಿಯನ್ನು ಸಾಕಲಾಗದವನು ಎಂದು ಓಣಿಯೆಲ್ಲ ಆಡಿಕೊಳ್ಳುತ್ತದೆ. ಉಳಿದದ್ದು ಗಾಳಿ. ಅದು ಅಂಗಡಿಯಲ್ಲಿ ಸಿಗುತ್ತದೆ.

ಅಕ್ಟೋಬರ್ 17

ಯೋಚನೆ ಮಾಡಿದೆ. ನಮ್ಮ ಮಲಗುವ ಕೋಣೆ ಎಂದರೆ ಒಂದು ಮಂಚ, ಒಂದು ಟ್ರಂಕು—ಮುಗಿಯಿತು. ಕಿಟಕಿ ಇಲ್ಲ. ಇರುವುದೊಂದೇ ಬಾಗಿಲು, ಅದು ಮಷೀನಿನ ಪಡಸಾಲೆಗೆ.

ಟೇಬಲ್ ಫ್ಯಾನು ಇಟ್ಟರೆ ಹತ್ತಿಯೆಲ್ಲ ಎದ್ದು ಕುಣಿಯುತ್ತದೆ. ಸೀಲಿಂಗ್ ಫ್ಯಾನಿಗೆ ಮಾಳಿಗೆ ಗಿಡ್ಡ, ಕೈ ಎತ್ತಿದರೆ ಬೆರಳು ಹೋದೀತು. ಅಮ್ಮ ಲೋಬಾನ ಹಾಕು ಎಂದಳು. ನಿನ್ನೆ ಹಾಕಿದ್ದೆವು—ಆ ಹೊಗೆಗೆ ಜನ್ನತಬಿ ತೇಲುಗಣ್ಣು ಮಾಡಿ ಎಲ್ಲರನ್ನೂ ಹೆದರಿಸಿದಳು.

"ಹಿಂದಿನ ಗೋಡಿಗೆ ಒಂದು ಕಿಡಕಿ ಕೊರಸ್ರಿ, ಸಾಕು" ಎನ್ನುತ್ತಾಳೆ.

ಕಿಟಕಿ ಯಾರ ಮನೆಗಿಲ್ಲ? ಹುಚ್ಚಪ್ಪ ತನ್ನ ಖಾನಾವಳಿಯ ಅಡುಗೆಮನೆಗೆ ಎಕ್ಝಾಸ್ಟ್ ಫ್ಯಾನು ಹಾಕಿಸಿದ್ದಾನೆ. ಹೊಗೆಯನ್ನು ಸೊರ್ರನೆ ಹೊರಗೆಳೆಯುತ್ತದೆ. ಹೊಗೆ ಎಳೆಯುವುದು ಕೆಮ್ಮು ಎಳೆಯುವುದಿಲ್ಲವೇ? ಅದೇ ಸೈ.

ಅಕ್ಟೋಬರ್ 19

ಗದಗಿಗೆ ಹೋಗಿದ್ದೆ. ಲಕ್ಕಪ್ಪನ ಎಲೆಕ್ಟ್ರಿಕ್ ಅಂಗಡಿ. ಒಂಬತ್ತು ಇಂಚಿನದೊಂದು, ಹನ್ನೆರಡು ಇಂಚಿನದೊಂದು.

"ಸಣ್ಣ ಖೋಲಿಗೆ ಸಣ್ಣದು ಸಾಕು, ಕುತುಬುದ್ದೀನಣ್ಣ. ಹೊರಗ ಹೋದಷ್ಟು ಗಾಳಿ ಒಳಗ ಬರಬೇಕಲ್ಲ? ಎಲ್ಲಿಂದ ಬರತೈತಿ?"

"ಬಾಗಲಾ ಐತಿ."

"ಅದು ಎತ್ತಾಗ ತೆರೀತೈತಿ?"

"ಮನಿಯೊಳಗ" ಎಂದೆ. ಮಷೀನಿನ ಮಾತು ಎತ್ತಲಿಲ್ಲ. ಇವನಿಗೇಕೆ ನಮ್ಮ ಮನೆಯ ಉಸಾಬರಿ.

ಹುಚ್ಚಪ್ಪನದು ಒಂಬತ್ತು ಇಂಚು. ಹನ್ನೆರಡರದೇ ತಂದೆ.

ಅಕ್ಟೋಬರ್ 23

ಫ್ಯಾನು ಕೂತಿತು. ಹಿಂದಿನ ಗೋಡೆಯಲ್ಲಿ, ಮಂಚದ ಮೇಲ್ಗಡೆ. ಅಮ್ಮ ಓಣಿಯವರನ್ನೆಲ್ಲ ಕರೆದು ತೋರಿಸಿದಳು. "ಹೇಣ್ತಿಗೆ ಇಷ್ಟು ಮಾಡೋ ಗಂಡಸು ಯಾರದಾರ?" ಎಂದರು ಹೆಂಗಸರು. ಖರೆ, ಯಾರಿದ್ದಾರೆ?

ಸ್ವಿಚ್ ಹೊರಗೆ, ಪಡಸಾಲೆಯಲ್ಲಿ ಹಾಕಿಸಿದೆ. ಅವಳ ಕೈಗೆ ಸಿಕ್ಕರೆ ಆಡಿಸುತ್ತಾ ಕೂಡುತ್ತಾಳೆ.

ನವೆಂಬರ್ 1

ಕೆಮ್ಮು ಜಾಸ್ತಿ. ಮಲಗಿದರೆ ಉಸಿರಾಡಲು ಆಗುವುದಿಲ್ಲವಂತೆ, ಗೋಡೆಗೆ ಒರಗಿ ಕೂತೇ ನಿದ್ದೆ.

ಇವತ್ತು ಎಲ್ಲರೆದುರು ಹೇಳಿದಳು: "ರೀ, ಇದು ಗಾಳಿ ಹೊರಗ ಒಯ್ಯಾಕತ್ತಿಲ್ಲ, ಮಷೀನದ ಧೂಳು ಒಳಗ ತರಾಕತ್ತೈತಿ. ಬಾಗಲದಾಗ ಹಾದು ನನ್ನ ಮಾರಿಮ್ಯಾಲೆ ಬೀಳತೈತಿ. ಮಷೀನು ನಡಿಯೂ ಹೊತ್ತಿನಾಗರ ಬಂದ್ ಮಾಡ್ರಿ."

"ಅತ್ತಿಗಿ ಹೇಳೂದು ಖರೆ ಐತೇನೋ ಅಣ್ಣಾ" ಎಂದ ಮಾಶಾಕ.

ಗಿರಾಕಿಗಳು ಕೇಳಿಸಿಕೊಂಡರು. ಒಬ್ಬ ನಕ್ಕ. ಮೈ ಉರಿಯಿತು. ಮಾಶಾಕನ ಕಪಾಳಕ್ಕೆ ಬಿಟ್ಟೆ. ಅವಳಿಗೆ ಹೇಳಿದೆ, "ಕುಣಿಯಾಕ ಬರದಾಕಿ ನೆಲ ಡೊಂಕು ಅಂದಳಂತ."

ನವೆಂಬರ್ 4

ಬಾಗಿಲು ಹಾಕಿ, ಕೆಳಗಿನ ಸಂದಿಗೆ ಹಳೆ ಸೀರೆ ತುರುಕಿದ್ದಾಳೆ. ಫ್ಯಾನು ಗೊರಗೊರ ಎನ್ನುತ್ತದೆ, ಎಳೆಯಲು ಗಾಳಿಯೇ ಇಲ್ಲ. ಹೀಗೆ ಮಾಡಿದರೆ ಗುಣ ಹೇಗಾದೀತು? ಮದ್ದನ್ನು ಉಗುಳಿ ರೋಗ ಹೋಗಲಿಲ್ಲ ಎಂದರೆ?

ಬಾಗಿಲನ್ನೇ ಕಿತ್ತು ಅಟ್ಟಕ್ಕೆ ಹಾಕಿದೆ.

ನವೆಂಬರ್ 9

ನಿನ್ನೆಯಿಂದ ಕರೆಂಟಿಲ್ಲ. ಮಷೀನು ಬಂದ್, ಫ್ಯಾನೂ ಬಂದ್. ಜನ್ನತಬಿ ಹೊದ್ದು ಮಲಗಿದಳು, ಗೊರಕೆ ಬೇರೆ. ನೋಡಿ ಹಠ! ನಾನು ತಂದ ಫ್ಯಾನು ನಿಂತರೆ ಸಾಕು, ಆರಾಮ.

ನವೆಂಬರ್ 16

ಮಾವ ಗುಡುಸಾಬ ಹಮ್ಮಿಗಿಯಿಂದ ಬಂದ. ಮಗಳನ್ನು ನೋಡಿ ಅತ್ತ. ಗಂಡಸು ಹಾಗೆ ಅಳುವುದು ನನಗಾಗದು. ಫ್ಯಾನು ತೋರಿಸಿದೆ, ತಲೆಯೆತ್ತಿಯೂ ನೋಡಲಿಲ್ಲ.

"ಒಂದ್ ತಿಂಗಳು ಕಳಸ್ರಿ. ಹೊಳಿ ಗಾಳಿಗೆ ಇರಲಿ. ನಿಮ್ಮ ಕಾಲಿಗೆ ಬೀಳತೀನಿ."

ಬಿದ್ದೇಬಿಟ್ಟ. ಓಣಿ ನೋಡುತ್ತಿತ್ತು. ಕಳಿಸಿದೆ.

ಡಿಸೆಂಬರ್ 4

ಮಾಶಾಕ ಹಮ್ಮಿಗಿಗೆ ಹೋಗಿ ಖಬರ ತಂದ. ಜನ್ನತಬಿ ಹೊಳೆಯಿಂದ ಎರಡು ಕೊಡ ಹೊತ್ತು ದಿಬ್ಬ ಹತ್ತುತ್ತಾಳಂತೆ. ಕೆಮ್ಮಿಲ್ಲ. ತಂಗಿಯರ ಜೊತೆ ನಗುತ್ತಾಳಂತೆ.

ಅಲ್ಲಿ ಫ್ಯಾನಿದೆಯೇ? ಇಲ್ಲ. ಔಷಧಿ? ಇಲ್ಲ. ಅಂದರೆ ರೋಗವೂ ಇರಲಿಲ್ಲ. ನಾಟಕ. ತವರಿಗೆ ಹೋಗಲು ಇಷ್ಟು ಕೆಮ್ಮಬೇಕಿತ್ತೇ? ನನ್ನ ಮನೆ, ನನ್ನ ಹತ್ತಿ, ನನ್ನ ಫ್ಯಾನು—ಎಲ್ಲಕ್ಕೂ ಹೆಸರು ಕೆಡಿಸಿ ಹೋದಳು. ಊಟ ಸೇರಲಿಲ್ಲ.

ಡಿಸೆಂಬರ್ 11

ಹಮ್ಮಿಗಿಗೆ ನಾನೇ ಹೋದೆ. ಅಂಗಳದಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಳು. ಕೆನ್ನೆ ತುಂಬಿವೆ. ಚೆಲುವೆಯೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಗುಡುಸಾಬನಿಗೆ ಹೇಳಿದೆ, "ಇವತ್ತು ಬರಲಿಲ್ಲಂದ್ರ ತಲಾಖ್ ಕೊಟ್ಟು ಹೊಕ್ಕೀನಿ. ಆಮ್ಯಾಲೆ ಸಣ್ಣವರಿಬ್ಬರ ಲಗ್ನ ಹ್ಯಾಂಗ ಮಾಡತೀರೋ ನೋಡ್ಕೋರಿ."

ತಂಗಿಯರು ಒಳಗೆ ಹೋದರು. ಜನ್ನತಬಿ ಎದ್ದು ಕೈ ತೊಳೆದುಕೊಂಡಳು. "ನಡೀರಿ" ಎಂದಳು.

ಬಸ್ಸಿನಲ್ಲಿ ಮುಂಡರಗಿ ದಾಟಿ ಗದಗಿನವರೆಗೂ ಕಿಟಕಿಗೆ ಮುಖ ಕೊಟ್ಟೇ ಕೂತಿದ್ದಳು. ಎಳೆದುಕೊಳ್ಳುವಷ್ಟು ಗಾಳಿ ಎಳೆದುಕೊಂಡಳು. ಮುಚ್ಚು, ಚಳಿ, ಎಂದೆ. ಕೇಳಲಿಲ್ಲ.

ಡಿಸೆಂಬರ್ 14

ಸೀಜನ್ ಜೋರು. ಮಷೀನು ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ. ಫ್ಯಾನು ಹಗಲೂ ರಾತ್ರಿ. ಈ ಸಲ ಒಂದು ಗಂಟೆಯೂ ಆರಿಸಲು ಬಿಟ್ಟಿಲ್ಲ. ಸೋಲುವವರು ಯಾರು, ನೋಡಿಯೇ ಬಿಡೋಣ.

ಜನ್ನತಬಿ ದೂರುವುದನ್ನು ಬಿಟ್ಟಿದ್ದಾಳೆ. ಮಾತೇ ಬಿಟ್ಟಿದ್ದಾಳೆ. ಬುದ್ಧಿ ಬಂದಿರಬೇಕು.

ಡಿಸೆಂಬರ್ 29

ಜನ್ನತಬಿಯನ್ನು ಮಣ್ಣು ಮಾಡಿದ ಮೂರನೆಯ ದಿನದ ಜಿಯಾರತ್ ಮುಗಿಯಿತು. ಮಷೀನು ಬಂದ್ ಇದೆ. ಮನೆ ತುಂಬ ಜನ. ಹಮ್ಮಿಗಿಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದಿದ್ದರು.

ಜನ ಏನಾದರೂ ಅಂದುಕೊಳ್ಳುವ ಮೊದಲೇ ನಾನೇ ಎಲ್ಲರನ್ನೂ ಕೋಣೆಯ ಹತ್ತಿರ ಕರೆದೆ. ಸ್ವಿಚ್ ಹಾಕಿದೆ. "ನೋಡ್ರಿ, ಗದಗಿನಾಗ ಸಿಗೋದ್ರಾಗ ದೊಡ್ಡದು ತಂದು ಹಾಕಿದ್ದೆ. ಇದಕ್ಕಿಂತ ಹೆಚ್ಚು ಗಂಡ ಏನು ಮಾಡಬೇಕು? ಅಲ್ಲಾನ ಮರ್ಜಿ" ಎಂದೆ. ಹೌದೌದು ಎಂದು ಕೆಲವರು ತಲೆಯಾಡಿಸಿದರು.

ಗುಡುಸಾಬ ಗೋಡೆಗೆ ಒರಗಿ ಕೂತಿದ್ದವನು ಎದ್ದ. ರಾಶಿಯಿಂದ ಒಂದು ಚಿಟಿಕೆ ಹತ್ತಿ ತೆಗೆದುಕೊಂಡ. ಬಾಗಿಲಿಲ್ಲದ ಹೊಸ್ತಿಲ ಮೇಲೆ ನಿಂತು ಅಂಗೈ ಬಿಚ್ಚಿದ.

ಹತ್ತಿ ಎದ್ದಿತು. ಒಳಗೆ ಹೋಯಿತು. ಅವಳ ತಲೆದಿಂಬಿನ ಮೇಲೆ ಹಾದು ಫ್ಯಾನಿನ ಕಡೆ ಹೋಯಿತು. ಎಲ್ಲರೂ ನೋಡಿದರು. ಅವನು ಇನ್ನೊಂದು ಚಿಟಿಕೆ ಬಿಟ್ಟ. ಅದೂ ಹಾಗೆಯೇ.

ಆಮೇಲೆ ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. "ಆಕಿ ಇದನ್ನ ನಿಮಗ ಒಂದ್ ಸಲಾನೂ ಹೇಳಲಿಲ್ಲೇನು?"

"ಇಲ್ಲ, ಒಂದ್ ಸಲಾನೂ ಹೇಳಲಿಲ್ಲ" ಎಂದೆ.

ಮಾಶಾಕ ಜನರ ಹಿಂದೆ ನಿಂತಿದ್ದ. ಮುಂದೆ ಬಂದ. ನಾನು ಕಣ್ಣು ಕೆಕ್ಕರಿಸಿದೆ, ಅವನು ನನ್ನನ್ನು ನೋಡಲೇ ಇಲ್ಲ. ಮಾವನ ಎದುರು ನಿಂತು ಬಾಯಿ ತೆರೆದ, ನಾನು ಅವನ ಕೈ ಹಿಡಿದು ಎಳೆದರೂ ಅವನು ಹೇಳಿಯೇಬಿಟ್ಟ: "ಅತ್ತಿಗಿ ಎಲ್ಲರೆದುರು ಹೇಳಿದ್ದಳ್ರಿ, ಧೂಳು ಒಳಗ ಬರತೈತಿ ಅಂತ, ನಾನೂ ಖರೆ ಅಂದಿದ್ದೆ."