ಆರತಿ ಎತ್ತಿದ ಹಸು

ಗುಬ್ಬಿ
8-12-2025, ಸೋಮವಾರ

ಪ್ರೀತಿಯ ಸಿದ್ಧಾರ್ಥಣ್ಣ,

ಹೇಗಿದ್ದೀಯಾ? ಧಾರವಾಡದ ಚಳಿಗೆ ನಿನ್ನ ಶೀತ ಜಾಸ್ತಿ ಆಗಿಲ್ಲ ತಾನೇ? ಮೆಸ್ಸಿನ ರೊಟ್ಟಿ ಅಭ್ಯಾಸ ಆಯ್ತಾ? ಇಲ್ಲಿ ಅಮ್ಮನಿಗೆ ಮಂಡಿನೋವು ಬಿಟ್ಟರೆ ಮಿಕ್ಕಿದ್ದೆಲ್ಲ ಸರಿಯಾಗಿದೆ. ನಿನ್ನ ಚಿಕ್ಕಮ್ಮ ಹೇಗಿದ್ದಾಳೆ ಅಂತ ನೀನು ಕೇಳಲಿಲ್ಲ, ಅದಕ್ಕೆ ನಾನೇ ಹೇಳಿದೆ. ಗ್ರೂಪಲ್ಲೇ ಬರೆಯಬಹುದಿತ್ತು. ಆದರೆ ಹೋದ ವಾರ ನಿಮ್ಮಪ್ಪ ನನ್ನನ್ನ ಫ್ಯಾಮಿಲಿ ಗ್ರೂಪಿಂದ ತೆಗೆದುಬಿಟ್ಟರು. ನಿನಗೆ ಹಾಕಿದ ಮೆಸೇಜಿಗೆ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ನಾನು ನಿನ್ನ ಎಷ್ಟು ದೊಡ್ಡ ಫ್ಯಾನ್ ಅಂತ ನಿನಗೆ ಗೊತ್ತು. ಲಾ ಓದೋಕೆ ಸೇರಿದ ಮೇಲೆ ನೀನು ಗ್ರೂಪಲ್ಲಿ ಭಾನುವಾರ ಭಾನುವಾರ ಹಾಕ್ತಿದ್ದ ಕಾನೂನು ಮೆಸೇಜನ್ನೆಲ್ಲ ಸ್ಟಾರ್ ಮಾಡಿ ಇಟ್ಟಿದ್ದೀನಿ. ಕಾಲೇಜಿನ ಹುಡುಗಿಯರಿಗೆ ಫಾರ್ವರ್ಡ್ ಮಾಡಿ “ನಮ್ಮಣ್ಣ ಬರೆದಿದ್ದು ಕಣ್ರೇ” ಅಂತ ಮೆರೆದಿದ್ದೀನಿ. ಅದರಲ್ಲಿ ಒಂದು ಬಾಯಿಪಾಠ ಆಗಿಹೋಗಿದೆ. ವ್ಯಾಪಾರದಲ್ಲಿ ಷರತ್ತು ಅಂದರೆ ಮನೆಯ ಕಂಬ, ಅದು ಸುಳ್ಳಾದರೆ ಕೊಂಡವರು ಸಾಮಾನು ವಾಪಸ್ ಕೊಡಬಹುದು. ವಾರಂಟಿ ಅಂದರೆ ಗೋಡೆಯ ಬಣ್ಣ, ಅದು ಸುಳ್ಳಾದರೆ ಪರಿಹಾರ ಕೇಳಬಹುದು, ಸಾಮಾನು ಮಾತ್ರ ನಮ್ಮ ತಲೆಗೇ. ಎಷ್ಟು ಚೆನ್ನಾಗಿ ಹೇಳಿದ್ದೆ!

ದೀಪಾವಳಿ ಆದ ಮೇಲೆ ಅಮ್ಮ ಕೊತ್ತಗೆರೆಯ ನಿಮ್ಮನೆಗೆ ಹೋಗಿ ನಿಮ್ಮ ಜರ್ಸಿ ಹಸು ಕೊಂಡಳು. “ಐದು ತಿಂಗಳ ಗಬ್ಬ ಕಣಮ್ಮಾ ಪ್ರಮೀಳಾ, ಸಂಕ್ರಾಂತಿ ಕಳೆದು ಶಿವರಾತ್ರಿ ಬರೋ ಹೊತ್ಗೆ ಕರು” ಅಂದರು ದೊಡ್ಡಪ್ಪ. ಆ ಮಾತು ನಂಬಿಯೇ ಅಮ್ಮ ನಮ್ಮ ಹಳೇ ಹಸುವನ್ನ ಮಾರಿಬಿಟ್ಟಳು. ಅಪ್ಪ ಹೋದ ಮೇಲೆ ಡೈರಿಗೆ ಹಾಕೋ ಹಾಲಿಂದಲೇ ನಮ್ಮ ಮನೆ ನಡೀತಿರೋದು, ನಿನಗೇನು ಹೊಸದಾಗಿ ಹೇಳಬೇಕಾ? ಜೊತೆಗೆ ಬಂದಿದ್ದ ಪಕ್ಕದ ಮನೆ ಹನುಮಂತರಾಜು ಮಾಮ ಒಂದು ಗಂಟೆ ಸುಳಿ ನೋಡಿದರು. ಹಣೆ, ಬೆನ್ನು, ಬಾಲದ ಬುಡ, ಎಲ್ಲೂ ಕೆಟ್ಟ ಸುಳಿ ಇಲ್ಲ ಅಂತ ಕೈಮುಗಿದರು. ದನದ ಡಾಕ್ಟರಿಗೆ ತೋರಿಸೋಣ ಅಂದವಳು ನಾನೊಬ್ಬಳೇ. “ಭಾವನ ಮಾತಿಗೆ ಡಾಕ್ಟರ್ ಕೈಲಿ ಸಾಕ್ಷಿ ಹೇಳಿಸೋದಾ? ಮಾನ ಇಲ್ವೇನೇ ನಿಂಗೆ?” ಅಂತ ಅಮ್ಮ ಗದರಿದಳು. ಟೆಂಪೋಗೆ ಹತ್ತಿಸುವಾಗ ದೊಡ್ಡಪ್ಪ ಒಂದು ಚೀಟಿಗೆ ಅವಳ ಸಹಿ ಹಾಕಿಸಿಕೊಂಡರು. ದಾರೀಲಿ ಪೊಲೀಸರು ತಡೆದು ವಿಚಾರಿಸಿದರೆ ಮಾರಿದ್ದಕ್ಕೆ ಅವರ ಹತ್ತಿರ ದಾಖಲೆ ಇರಬೇಕಂತೆ. ಇಲ್ಲಿ ಅಮ್ಮ ಹಸುವಿನ ಕಾಲು ತೊಳೆದು, ಅರಿಶಿನ ಕುಂಕುಮ ಇಟ್ಟು, ಆರತಿ ಎತ್ತಿ ಒಳಗೆ ಕರೆದುಕೊಂಡಳು. ಗೌರಿ ಅಂತ ಹೆಸರನ್ನೂ ಇಟ್ಟಳು.

ಹನ್ನೊಂದನೇ ದಿನ ಗೌರಿ ಬೆದೆಗೆ ಬಂದು ಕೂಗೋಕೆ ಶುರುಮಾಡಿತು. ಡಾಕ್ಟರ್ ಶಾಂತಲಾ ಮೇಡಂ ಬಂದು ಕೈ ಹಾಕಿ ನೋಡಿ, “ಗಬ್ಬಾನೂ ಇಲ್ಲ ಏನೂ ಇಲ್ಲಮ್ಮ. ಗರ್ಭಕೋಶದಲ್ಲಿ ಹಳೇ ಸೋಂಕಿದೆ, ಮುಂದೆ ಕರು ನಿಲ್ಲೋದೂ ಅನುಮಾನ” ಅಂದರು. ಮಾರನೇ ದಿನವೇ ನಾವಿಬ್ಬರೂ ಕೊತ್ತಗೆರೆಗೆ ಓಡಿದೆವು. ದೊಡ್ಡಪ್ಪ ಕಾಫಿ ಕೊಡಿಸಿದರು. ಆಮೇಲೆ “ಆರತಿ ಎತ್ತಿದ್ಮೇಲೆ ಒಪ್ಕೊಂಡಂಗೆ. ಲಕ್ಷ್ಮೀನ ಯಾರಾದ್ರೂ ಹಿಂದಕ್ಕೆ ಅಟ್ತಾರಾ? ಹಾಲಿಲ್ದಿದ್ರೆ ಸಗಣಿ ಹಾಕುತ್ತೆ ಬುಡು” ಅಂತ ನಕ್ಕರು. ಅಮ್ಮ ತಲೆ ಬಗ್ಗಿಸಿದಳು. ನಾನು ನೀನು ಕಲಿಸಿದ್ದನ್ನ ಒಂದಕ್ಷರ ಬಿಡದೆ ಹೇಳಿದೆ. ಗಬ್ಬ ಅನ್ನೋದು ಷರತ್ತು ದೊಡ್ಡಪ್ಪ, ಕಂಬ, ಬಣ್ಣ ಅಲ್ಲ, ಅಂದೆ. ಆಗ ಅವರು ಆ ಪೊಲೀಸ್ ಚೀಟಿ ತೆಗೆದರು.

“ಹಸುವನ್ನು ಇದ್ದ ಸ್ಥಿತಿಯಲ್ಲೇ ನೋಡಿ ಒಪ್ಪಿ ಪಡೆದಿದ್ದೇನೆ. ಗಬ್ಬದ ಕುರಿತ ಮಾತು ವಾರಂಟಿ ಮಾತ್ರ, ಷರತ್ತಲ್ಲ.” ಕೆಳಗೆ ಅಮ್ಮನ ಸಹಿ. ಗ್ಯಾರಂಟಿ ಅನ್ನೋದು ಬಿಟ್ಟರೆ ದೊಡ್ಡಪ್ಪನ ಬಾಯಲ್ಲಿ ಇಂಥ ಮಾತು ನಾನು ಕೇಳೇ ಇಲ್ಲ. ಕೈಬರಹ ಕೂಡ ಅವರದಲ್ಲ. ನನ್ನ ಎಸ್ಸೆಸ್ಸೆಲ್ಸಿ ನೋಟ್ಸು ಬರೆದುಕೊಟ್ಟ ಕೈ ಅದು, ಅಣ್ಣ. ಹಬ್ಬಕ್ಕೆ ಬಂದವನು ನಮ್ಮನೇಲಿ ಹೋಳಿಗೆ ತಿಂದು ಹೋಗಿ ಅದನ್ನ ಬರೆದೆಯಾ, ಬರೆದಿಟ್ಟು ಬಂದು ತಿಂದೆಯಾ? ಅಷ್ಟು ಮಾತ್ರ ತಿಳೀಬೇಕು ನನಗೆ.

ಅದು ನಿನ್ನ ಕೈಬರಹ ಅಂತ ಬಸ್ಸಲ್ಲಿ ಅಮ್ಮನಿಗೆ ಹೇಳಿದೆ. ಗುಬ್ಬಿಗೆ ಬಂದು ಮನೆ ಬಾಗಿಲು ತೆಗೆಯುವಾಗ ಅವಳು ಅಂದಳು: “ಆ ಕೈಗೆ ಅನ್ನ ಕಲಸಿ ಕೊಟ್ಟಿದೀನಿ. ನಾನು ಆರತಿ ಎತ್ತಿದ್ದು ಹಸುಗೆ ಕಣೇ, ಅವ್ರ ಸುಳ್ಳಿಗಲ್ಲ.”

ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನೀನು ಪಾಸಾಗಿ ಕರಿ ಕೋಟು ಹಾಕೋದನ್ನ ನೋಡಬೇಕು ಅಂತ ಅಮ್ಮ ಈಗಲೂ ಅಂತಾಳೆ. ಅವಳ ಆಶೀರ್ವಾದ ಅವಳದು, ನಾನು ತಡೆಯಲ್ಲ.

ನಿನ್ನ ತಂಗಿ,
ಇಂಪನಾ

ತಾ.ಕ.: ಪೋಸ್ಟಾಫೀಸು ಮುಚ್ಚೋ ಹೊತ್ತಾಯ್ತು, ಬೇಗ ಬರೀತಿದ್ದೀನಿ. ಇದರ ಇನ್ನೊಂದು ಪ್ರತಿ ದೊಡ್ಡಪ್ಪನಿಗೆ ಹೋಗ್ತಿದೆ, ಡಾಕ್ಟರ್ ಚೀಟಿ ಜೊತೆಗಿದೆ, ಎರಡೂ ಸ್ಪೀಡ್ ಪೋಸ್ಟ್. ಬೇಡ ಅನ್ನೋದನ್ನ ತಡಮಾಡದೆ ಬರವಣಿಗೆಯಲ್ಲಿ ಹೇಳಬೇಕು ಅಂತ ನೀನೇ ಬರೆದಿದ್ದೆ. ಹೇಳ್ತಿದ್ದೀವಿ: ಗಬ್ಬದ ಹಸು ಅಂತ ಕೊಂಡೆವು, ಗಬ್ಬದ ಹಸು ಬರಲಿಲ್ಲ, ನಾವು ಒಪ್ಪಿಲ್ಲ. ಕೆಳಗೆ ಅಮ್ಮ ಸಹಿ ಹಾಕಿದ್ದಾಳೆ. ಈ ಸಲ ಎರಡು ಸಾರಿ ಓದಿಸಿಕೊಂಡು ಹಾಕಿದ್ದು.