ಚೇರಮನ್ನರ ಸನ್ಮಾನದ ದಿನ

ಬೇವಿನವಾಡಿ, ತಾ. ಚಿಕ್ಕೋಡಿ
೩ ಫೆಬ್ರುವರಿ ೧೯೯೪

ಪ್ರೀತಿಯ ಅಣ್ಣ ಲಗಮಣ್ಣನಿಗೆ,

ತಂಗಿ ಕಸ್ತೂರಿಯ ನಮಸ್ಕಾರ. ನಿನ್ನ ಎರಡೂ ಕಾರ್ಡು ಬಂದು ತಿಂಗಳಾಯಿತು, ಸಿಟ್ಟಾಗಬೇಡ. ಶಾಲೆಗೆ ಐವತ್ತು ವರ್ಷ ತುಂಬಿದ ಕಾರ್ಯಕ್ರಮದ ಗಡಿಬಿಡಿಯಲ್ಲಿ ಪೆನ್ನು ಹಿಡಿಯಲು ಪುರುಸೊತ್ತಿರಲಿಲ್ಲ. ವೈನಿಯ ಮೊಣಕಾಲು ನೋವು ಹೇಗಿದೆ? ನಿನ್ನ ಹೊಲಿಗೆ ಅಂಗಡಿ ನಡೆದಿದೆಯೇ?

ನಾನು ನಮ್ಮೂರ ಶಾಲೆಗೇ ವರ್ಗ ಕೇಳಿಕೊಂಡು ಮುಖ್ಯೋಪಾಧ್ಯಾಯಿನಿಯಾಗಿ ಬಂದಾಗ ನೀನು, "ಬ್ಯಾಡ ಕಸ್ತೂರಿ, ಹಳೇದ ಕೆದರಬ್ಯಾಡ" ಎಂದಿದ್ದೆ. ಕೆದರಿದೆ ಅಣ್ಣ. ಹದಿಮೂರು ವರ್ಷ ಕಾದಿದ್ದೆ.

ಸಭೆಯಲ್ಲಿ ಶಾಲಾ ಕಮಿಟಿಯ ಚೇರಮನ್ ಬಾಬಾಸಾಹೇಬನಿಗೆ 'ವಿದ್ಯಾದಾನಿ' ಎಂದು ಸನ್ಮಾನ. ಹಿಂದಿನ ದಿನ ಅವನೇ ಬಂದು, "ಬಾಯಾರ, ಸಾಲಿ ಇತಿಹಾಸ ನೀವ ಓದ್ರಿ. ನಮ್ಮ ಹೆಸರ ಜರಾ ಚಂದಂಗ ಬರ್ಲಿ" ಎಂದ. ಆಗಲಿ ಎಂದೆ.

ಹನುಮಂತನ ಗುಡಿಯಲ್ಲಿ ಹನ್ನೊಂದು ಮಕ್ಕಳಿಂದ ಶಾಲೆ ಶುರುವಾದದ್ದು, ಗಂಡಸರು ಚಕ್ಕಡಿಯಲ್ಲಿ ಕಲ್ಲು ತಂದದ್ದು, ಹೆಂಗಸರು ಗೋಡೆಗೆ ನೀರು ಹೊತ್ತದ್ದು ಓದಿದೆ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಶಾಲೆಯ ಹಳೆಯ ಲಾಗ್ ಬುಕ್ ತೆರೆದು, ನೀನು ಇಲ್ಲಿ ಮಾಸ್ತರನಾಗಿದ್ದಾಗ ಬರೆದದ್ದನ್ನೇ ಓದಿದೆ:

"೯-೨-೧೯೮೧. ಚೇರಮನ್ನರು ಎರಡು ಕೋಣೆಗಳಲ್ಲಿ ತಂಬಾಕಿನ ಚೀಲ ತುಂಬಿಸಿದ್ದಾರೆ. ಮೂರು, ನಾಲ್ಕನೆಯ ಇಯತ್ತೆಯ ಮಕ್ಕಳು ಬಯಲಲ್ಲಿ ಕೂತಿದ್ದಾರೆ. ಘಾಟಿಗೆ ಒಂಬತ್ತು ಮಕ್ಕಳಿಗೆ ವಾಂತಿಯಾಯಿತು. ಖಾಲಿ ಮಾಡಲು ಕೇಳಿದೆ, ಮಾಡಲಿಲ್ಲ."

ಬಾಬಾಸಾಹೇಬ ಎದ್ದು ನಿಂತ. "ಏ ಬಾಯಿ, ಬಂದ್ ಮಾಡ! ಯಾಂವ ಬರದಾನ ಅದನ್ನ?"

"ನಮ್ಮಣ್ಣ ಲಗಮಣ್ಣ ಮಾಸ್ತರ ಬರದಾನ್ರಿ. ಕೆಳಗ 'ನೋಡಿದೆ' ಅಂತ ನಿಮ್ಮ ಸಹಿನೂ ಐತ್ರಿ."

ಓದದೇ ಸಹಿ ಹಾಕುವುದು ಅವನ ರೂಢಿಯಲ್ಲವೇ! ನಂತರ ನಿನ್ನ ನೌಕರಿ ಕಳೆದ ಅರ್ಜಿ ತೆಗೆದೆ. ಮಾಸ್ತರರು ಹುಡುಗ ಸತ್ಯಪ್ಪನ ಕೈ ಮುರಿದರು ಎಂದು ಊರವರ ಹೆಸರಿನಲ್ಲಿ ಅವನು ಬರೆಸಿದ್ದು. ಓದಿ ಮುಗಿಸುವ ಮೊದಲೇ ಜನರ ನಡುವಿನಿಂದ ಆ ಸತ್ಯಪ್ಪನೇ ಎದ್ದ. ಈಗ ಟ್ರ್ಯಾಕ್ಟರ್ ಹೊಡೆಯುವ ತರುಣ.

"ಹುಣಸಿ ಗಿಡದಿಂದ ಬಿದ್ದ ಕೈ ಮುರಕೊಂಡಿದ್ನಿರಿ ನಾ. ಮಾಸ್ತರ ಬಡದಾರಂತ ಹೇಳೋ ಅಂತ ಚೇರಮನ್ನರ ಕಲಿಸಿದ್ರು."

ಬಾಬಾಸಾಹೇಬ ಶಾಲು ಕುರ್ಚಿಯ ಮೇಲೆ ಒಗೆದು ಹೊರಟ. ಸದಾ ಅವನ ಹಿಂದೆ ಓಡುವವರು ಕೂತಲ್ಲಿಂದ ಏಳಲಿಲ್ಲ. ಅವನ ಮುಖ ಕಣ್ಣು ತುಂಬ ನೋಡಿದೆ, ಅಣ್ಣ. ಪಾಪ ಎನಿಸಲಿಲ್ಲ. ಮೆಟ್ಟಿಲಲ್ಲಿ ಎಡವಿದಾಗ ಇನ್ನೊಮ್ಮೆ ಎಡವಲಿ ಎಂದುಕೊಂಡೆ. ನನ್ನನ್ನು ಎಲ್ಲಿಗೆ ಬೇಕಾದರೂ ವರ್ಗ ಮಾಡಿಸಲಿ.

ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮೆಲ್ಲರನ್ನು ಮಾಯಕ್ಕ ತಾಯಿ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಕಸ್ತೂರಿ

ತಾ.ಕ.: ಆ ಅರ್ಜಿಯ ಕೆಳಗೆ ಮೂವತ್ತೆಂಟು ಸಹಿಗಳಿವೆ. ಮೊದಲನೆಯದು ನಮ್ಮ ಅಪ್ಪನದು. ನಂಬದೆ ಹೊಲದ ಕಾಗದ ತೆಗೆದು ಹೋಲಿಸಿದೆ, ಅವನದೇ. ಸಭೆಯಲ್ಲಿ ಅದೊಂದನ್ನು ಓದಲು ನನ್ನಿಂದಾಗಲಿಲ್ಲ. ನಿನಗಿದು ಗೊತ್ತಿತ್ತೇ? ಗೊತ್ತಿದ್ದೂ ಅವನು ಹಾಸಿಗೆ ಹಿಡಿದಾಗ ಎರಡು ವರ್ಷ ಬಾಯಿಗೆ ಗಂಜಿ ಹಾಕಿದೆಯಾ? ನೀನು ಹಾಕಿರಬಹುದು. ನಾನು ನೀನಲ್ಲ. ಮನೆಯ ಗೋಡೆಯಿಂದ ಅವನ ಫೋಟೋ ಇಳಿಸಿದ್ದೇನೆ. ಈ ವರ್ಷ ತಿಥಿಗೆ ನನ್ನನ್ನು ಕರೆಯಬೇಡ.